ತಡೆದ ಧಾನ್ಯ, ತಗ್ಗದ ದನಿ: ವಿಯೆಟ್ನಾಂ ಯುದ್ಧಕಾಲದ ಅಮೆರಿಕ ನೀತಿ ಮತ್ತು ಬಳ್ಳಾರಿ ಸೀಮೆಯ ಜೋಳ

ವಿಯೆಟ್ನಾಂ ಮೇಲೆ ಅಮೆರಿಕ ಸುರಿಸಿದ ಬಾಂಬುಗಳ ಬಗ್ಗೆ ಬೇಕಾದಷ್ಟು ಬರೆದದ್ದಿದೆ. ಅದೇ ಕಾಲದಲ್ಲಿ ಅಮೆರಿಕ ಕಳಿಸಿದ, ತಡೆದ, ಮತ್ತೆ ಕಳಿಸಿದ ಧಾನ್ಯದ ಚರಿತ್ರೆಗೆ ಅಷ್ಟು ಗಮನ ಸಿಕ್ಕಿಲ್ಲ. ಬಳ್ಳಾರಿ ಸೀಮೆಯ ರೂಪನಗುಡಿಯಂಥ ಎರೆಭೂಮಿಯ ಊರಿನಿಂದ ನೋಡಿದರೆ ಹತ್ತಿರದ್ದು ಈ ಧಾನ್ಯದ ಚರಿತ್ರೆಯೇ. 1965ರಿಂದ 1967ರವರೆಗೆ ಅಮೆರಿಕ ಭಾರತದ ಹಸಿವನ್ನು ಒತ್ತಡದ ಸಾಧನವಾಗಿ ಬಳಸಿತು. ವಿಯೆಟ್ನಾಂ ಕುರಿತ ಭಾರತದ ಮಾತು ಅದರಿಂದ ಬದಲಾಗಲಿಲ್ಲ, ಬದಲಾದದ್ದು ಭಾರತದ ಬೇಸಾಯ. ಈ ಲೇಖನದ ವಾದ ಇದು.

1. ಒಂದೇ ತಿಂಗಳ ಎರಡು ದಾಖಲೆ

1954ರ ಜುಲೈ 10ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಪಿ.ಎಲ್. 480 ಕಾಯ್ದೆಗೆ ಸಹಿ ಹಾಕಿದರು. ತಮ್ಮಲ್ಲಿ ಮಿಕ್ಕ ಧಾನ್ಯವನ್ನು ಬಡ ದೇಶಗಳಿಗೆ ಆಯಾ ದೇಶದ ನಾಣ್ಯದಲ್ಲೇ ಮಾರುವ ವ್ಯವಸ್ಥೆ ಅದು. ಅದೇ ತಿಂಗಳ ಕೊನೆಯ ವಾರಗಳಲ್ಲಿ ಜಿನೀವಾ ಒಪ್ಪಂದವಾಗಿ ವಿಯೆಟ್ನಾಂ 17ನೇ ಅಕ್ಷಾಂಶದ ಬಳಿ ಎರಡು ಪಾಲಾಯಿತು. ಒಪ್ಪಂದದ ಮೇಲ್ವಿಚಾರಣೆಗೆ ನೇಮಕವಾದ ಆಯೋಗದಲ್ಲಿ ಕೆನಡಾ, ಪೋಲೆಂಡ್ ಸದಸ್ಯರಾದರೆ ಭಾರತ ಅಧ್ಯಕ್ಷ. ಭಾರತ ಅಮೆರಿಕದಿಂದ ಧಾನ್ಯ ಕೊಳ್ಳತೊಡಗಿದ್ದು 1956ರಲ್ಲಿ. ಅಲ್ಲಿಂದ ಮುಂದೆ ಒಂದೇ ದೇಶ ಅಮೆರಿಕದ ಧಾನ್ಯದ ಗಿರಾಕಿಯೂ ಆಗಿತ್ತು, ವಿಯೆಟ್ನಾಂ ಶಾಂತಿಯ ಕಾವಲುಗಾರನೂ ಆಗಿತ್ತು.

ಅನ್ನಕ್ಕೂ ಅಭಿಪ್ರಾಯಕ್ಕೂ ಗಂಟು ಬಿದ್ದದ್ದು ಅದೇ ಮೊದಲಲ್ಲ. ಕೊರಿಯಾ ಯುದ್ಧದ ಹೊತ್ತಿನಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಚೀನಾವನ್ನು ಆಕ್ರಮಣಕಾರಿ ಎಂದು ಸಾರುವ ನಿರ್ಣಯಕ್ಕೆ 1951ರ ಫೆಬ್ರವರಿ 1ರಂದು ಭಾರತ ವಿರುದ್ಧ ಮತ ಹಾಕಿತು. ಭಾರತ ಕೇಳಿದ್ದ ಗೋಧಿಯ ಮಸೂದೆ ಅಮೆರಿಕದ ಸಂಸತ್ತಿನಲ್ಲಿ ತಿಂಗಳುಗಟ್ಟಲೆ ನಿಂತು, ಜೂನ್‌ನಲ್ಲಿ 19 ಕೋಟಿ ಡಾಲರ್ ಸಾಲದ ರೂಪದಲ್ಲಿ ಹೊರಬಂತು.

2. ಬರದ ಎರಡು ವರ್ಷ

1965ರ ಮಾರ್ಚ್‌ನಲ್ಲಿ ಉತ್ತರ ವಿಯೆಟ್ನಾಂ ಮೇಲೆ ನಿರಂತರ ಬಾಂಬ್ ದಾಳಿ ಆರಂಭವಾಯಿತು; ಅದೇ ತಿಂಗಳ 8ರಂದು ಅಮೆರಿಕದ ಸೈನಿಕರು ದನಾಂಗ್ ತೀರದಲ್ಲಿ ಇಳಿದರು. ದಾಳಿ ನಿಲ್ಲಬೇಕೆಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಹೇಳಿದರು. ಏಪ್ರಿಲ್‌ನಲ್ಲಿ ಅಧ್ಯಕ್ಷ ಜಾನ್ಸನ್, ಶಾಸ್ತ್ರಿಯವರ ನಿಗದಿತ ಅಮೆರಿಕ ಭೇಟಿಯನ್ನು ಮುಂದೂಡಿದರು.

ಆ ವರ್ಷವೇ ಮಳೆ ಕೈಕೊಟ್ಟಿತು. ದೇಶದ ಆಹಾರಧಾನ್ಯ ಉತ್ಪಾದನೆ 1964–65ರಲ್ಲಿ 8.9 ಕೋಟಿ ಟನ್ ಇದ್ದದ್ದು ಮರುವರ್ಷ 7.2 ಕೋಟಿ ಟನ್ನಿಗೆ ಕುಸಿಯಿತು. 1966ರಲ್ಲೂ ಮಳೆ ಸರಿಯಾಗಿ ಆಗಲಿಲ್ಲ. ಮೈಸೂರು ರಾಜ್ಯವೂ ಬರಕ್ಕೆ ಸಿಕ್ಕಿತು. ಬಳ್ಳಾರಿ ಮಳೆನೆರಳಿನ ಸೀಮೆ. ಧಾತು–ಈಶ್ವರ ಸಂವತ್ಸರಗಳ, ಅಂದರೆ 1876–78ರ, ಬರ ಇಲ್ಲಿ ಊರೂರನ್ನೇ ಬರಿದು ಮಾಡಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಸಿರುಗುಪ್ಪದ ಕಡೆ ಕಾಲುವೆ ನೀರಿನಿಂದ ಭತ್ತ ಬಂತು. ಕಾಲುವೆ ಮುಟ್ಟದ ಎರೆ ಹೊಲಗಳಿಗೆ ಮಾತ್ರ ಆಗಲೂ ಆಕಾಶವೇ ದಿಕ್ಕು. ಅಲ್ಲಿನ ಮನೆಗಳ ಆಸರೆ ಹಗೇವಿನ, ಅಂದರೆ ನೆಲದಡಿಯ ಕಣಜದ, ಜೋಳ. ಎರಡು ವರ್ಷ ಹಿಂಗಾರು ಕೆಟ್ಟರೆ ಹಗೇವು ಬರಿದಾಗುತ್ತದೆ, ಪಡಿತರ ಅಂಗಡಿಯೇ ಗತಿಯಾಗುತ್ತದೆ.

ಹಡಗುಗಳಲ್ಲಿ ಗೋಧಿಯ ಜೊತೆ ಅಮೆರಿಕದ ಕೆಂಪು ಜೋಳವೂ ಬಂತು. ಅಲ್ಲಿ ಅದು ಮುಖ್ಯವಾಗಿ ದನಗಳ ಮೇವಿಗೆ ಬೆಳೆಯುವ ಕಾಳು. ಬಿಳಿಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿದರೆ ಜಿಗಿ ಬರುತ್ತದೆ, ತಟ್ಟಿದಂತೆಲ್ಲ ರೊಟ್ಟಿ ತೆಳ್ಳಗೆ ಅಗಲವಾಗುತ್ತದೆ. ಆ ಕೆಂಪು ಜೋಳದಂಥ ಜಿಗಿಯಿಲ್ಲದ ಹಿಟ್ಟಿನ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ, ಹೆಂಚಿಗೆ ಹಾಕಲು ಎತ್ತಿದರೆ ಹರಿಯುತ್ತದೆ. ಜೋಳ ತಿಂದು ಬೆಳೆದ ಸೀಮೆಯ ಹೆಣ್ಣುಮಕ್ಕಳಿಗೆ ಪರದೇಶದ ನೆರವಿನ ಗುಣ ತಿಳಿದದ್ದು ಹಿಟ್ಟು ನಾದುವ ಕೊಣಮಿಗೆಯಲ್ಲೇ.

3. ತಿಂಗಳ ಲೆಕ್ಕದ ಪಡಿ

1965ರ ಮಧ್ಯದಿಂದ ಜಾನ್ಸನ್ ದೀರ್ಘಾವಧಿ ಒಪ್ಪಂದ ನಿಲ್ಲಿಸಿ, ಧಾನ್ಯವನ್ನು ಒಂದೆರಡು ತಿಂಗಳಿಗೆ ಸಾಲುವಷ್ಟೇ ಮಂಜೂರು ಮಾಡತೊಡಗಿದರು. 1966ರಲ್ಲಿ ಭಾರತದ ಧಾನ್ಯ ಆಮದು 1 ಕೋಟಿ ಟನ್ ದಾಟಿತು. ಹೆಚ್ಚಿನ ಪಾಲು ಅಮೆರಿಕದ್ದು. ಜೂನ್ 6ರಂದು ರೂಪಾಯಿ ಅಪಮೌಲ್ಯವಾಗಿ ಡಾಲರಿನ ಬೆಲೆ 4.76ರಿಂದ 7.50 ರೂಪಾಯಿಗೆ ಏರಿತು. ಅದೇ ತಿಂಗಳ ಕೊನೆಗೆ ಹನೋಯ್, ಹೈಫಾಂಗ್‌ಗಳ ತೈಲ ಸಂಗ್ರಹಗಳ ಮೇಲೆ ಬಾಂಬು ಬಿತ್ತು. ಜುಲೈಯಲ್ಲಿ, ಶಾಸ್ತ್ರಿಯವರ ನಂತರ ಪ್ರಧಾನಿಯಾಗಿದ್ದ ಇಂದಿರಾ ಗಾಂಧಿ ದಾಳಿ ನಿಲ್ಲಿಸಿ ಜಿನೀವಾ ಸಮ್ಮೇಳನ ಮತ್ತೆ ಸೇರಿಸಬೇಕೆಂದರು. ಸೋವಿಯತ್ ಒಕ್ಕೂಟದ ಜೊತೆ ಮಾಸ್ಕೋದಲ್ಲಿ ಹೊರಡಿಸಿದ ಜಂಟಿ ಹೇಳಿಕೆಯಲ್ಲೂ ಅದೇ ನಿಲುವು. ಆ ವರ್ಷಾಂತ್ಯದಲ್ಲಿ, ಬಿಹಾರ ಹಸಿದಿದ್ದಾಗ, ಧಾನ್ಯದ ಮಂಜೂರಾತಿ ಮತ್ತೆ ತಡವಾಯಿತು.

ಇದಕ್ಕೆಲ್ಲ ವಿಯೆಟ್ನಾಂ ಒಂದೇ ಕಾರಣವೆನ್ನುವುದು ಸರಿಯಲ್ಲ. ಅಮೆರಿಕದ ದಾಸ್ತಾನು ಕರಗುತ್ತಿತ್ತು. ಭಾರತ ಬೇಸಾಯಕ್ಕೆ ಹೆಚ್ಚು ಹಣ ಹಾಕಲಿ ಎಂಬ ಒತ್ತಾಯವೂ ಇತ್ತು. ಆಹಾರ ಸಚಿವ ಸಿ. ಸುಬ್ರಮಣ್ಯಂ ಆ ದಾರಿಗೆ ಆಗಲೇ ಒಲವು ತೋರಿದ್ದರು. ಆದರೆ ಪಿ.ಎಲ್. 480 ಕಾಯ್ದೆಯ 1966ರ ತಿದ್ದುಪಡಿ ಯುದ್ಧದ ಪಾತ್ರವನ್ನು ಬರಹದಲ್ಲೇ ತೋರಿಸುತ್ತದೆ: ಉತ್ತರ ವಿಯೆಟ್ನಾಂ ಜೊತೆ ವ್ಯಾಪಾರ ಮಾಡುವ ದೇಶಕ್ಕೆ ರಿಯಾಯಿತಿ ಧಾನ್ಯ ಇಲ್ಲ. ಇತ್ತ ದಕ್ಷಿಣ ವಿಯೆಟ್ನಾಂನಲ್ಲಿ ಇದೇ ಕಾಯ್ದೆಯ ಧಾನ್ಯ ಮಾರಿ ಬಂದ ಹಣ ಅಲ್ಲಿನ ಸೈನ್ಯದ ಖರ್ಚಿಗೆ ಹೋಗುತ್ತಿತ್ತು. ಸೈಗಾನ್‌ನಲ್ಲಿ ಯುದ್ಧವನ್ನು ಸಾಕಿದ ಕಾಯ್ದೆಯೇ ದೆಹಲಿಯಲ್ಲಿ ಬಾಯಿ ಕಟ್ಟಲು ನೋಡಿತು.

4. ಫಲ

ಸಿಎಸ್‌ಎಚ್-1 ಹೈಬ್ರಿಡ್ ಜೋಳ 1964ರಲ್ಲೂ ಐಆರ್-8 ಭತ್ತ 1966ರಲ್ಲೂ ಬಿಡುಗಡೆಯಾದವು. ಈ ತಳಿಗಳನ್ನು ಹಬ್ಬಿಸುವ ಅವಸರಕ್ಕೆ ಹಡಗು ಕಾಯುವ ಅವಮಾನವೂ ಒಂದು ಕಾರಣ. ಅದೇ ಐಆರ್-8 ಬೀಜವನ್ನು ಅಮೆರಿಕ ದಕ್ಷಿಣ ವಿಯೆಟ್ನಾಂನ ಮೆಕಾಂಗ್ ಬಯಲಿನಲ್ಲಿ ರೈತರ ಮನ ಗೆಲ್ಲಲು ಹಂಚಿತು. 1967–68ರಲ್ಲಿ ಭಾರತದ ಉತ್ಪಾದನೆ 9.5 ಕೋಟಿ ಟನ್ ಮುಟ್ಟಿತು. 1971ರ ಕೊನೆಗೆ ಪಿ.ಎಲ್. 480 ಆಮದು ನಿಂತಿತು. 1972ರ ಜನವರಿಯಲ್ಲಿ ಭಾರತ ಹನೋಯ್ ಜೊತೆಗಿನ ಸಂಬಂಧವನ್ನು ರಾಯಭಾರಿ ಮಟ್ಟಕ್ಕೆ ಏರಿಸಿತು. ಈ ಎರಡು ಹೆಜ್ಜೆಗಳನ್ನು ಒಟ್ಟಿಗೆ ಓದಬೇಕು.

ವಾಷಿಂಗ್ಟನ್, ದೆಹಲಿಗಳ ಕಡತಗಳು ಈ ಚರಿತ್ರೆಯ ಅರ್ಧವನ್ನಷ್ಟೇ ಹೇಳುತ್ತವೆ. ಉಳಿದರ್ಧ ತಾಲ್ಲೂಕು ಕಚೇರಿಗಳ ಬರಪರಿಹಾರ ದಾಖಲೆಗಳಲ್ಲಿ, 1966ರಲ್ಲಿ ಪಡಿತರದ ಸಾಲಿನಲ್ಲಿ ನಿಂತವರ ನೆನಪಿನಲ್ಲಿ ಇದೆ. ಆ ತಲೆಮಾರು ಈಗ ಎಪ್ಪತ್ತು ದಾಟಿದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಇತಿಹಾಸ ವಿದ್ಯಾರ್ಥಿಗಳು ಅವರ ಮಾತನ್ನು ಈಗಲೇ ದಾಖಲಿಸಬೇಕು; ಸ್ವತಂತ್ರ ವಿದೇಶಾಂಗ ನೀತಿಯ ಬೆಲೆಯನ್ನು ತಮ್ಮ ಊಟದಲ್ಲಿ ತೆತ್ತವರು ಅವರು.