ಸರ್ಪಗಂಧದ ಬೇರಿನಿಂದ ದಿನಕ್ಕೊಂದು ಮಾತ್ರೆಯವರೆಗೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ವಯಸ್ಸು ಐವತ್ತು ದಾಟಿದೆ. ಕಾಫಿ ಕುಡಿಯುತ್ತ, "ಸರ್, ನನ್ನ ಬಿ.ಪಿ. ಈಗ ಪೂರ್ತಿ ನಾರ್ಮಲ್. ಅದಕ್ಕೇ ಹದಿನೈದು ದಿನದಿಂದ ಮಾತ್ರೆ ನಿಲ್ಲಿಸಿಬಿಟ್ಟಿದ್ದೇನೆ" ಎಂದ. ಅದನ್ನು ಹೆಮ್ಮೆಯಿಂದಲೇ ಹೇಳಿದ. ನಾನು ಇತಿಹಾಸದ ಮೇಷ್ಟರು, ವೈದ್ಯನಲ್ಲ. ಆದರೂ ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ಲೋಟ ಹಾಗೆಯೇ ನಿಂತಿತು. ಏಕೆಂದರೆ ಇದೇ ಮಾತನ್ನು, ಹೆಚ್ಚುಕಡಿಮೆ ಇದೇ ಧ್ವನಿಯಲ್ಲಿ, 1966ರಲ್ಲಿ ನನ್ನ ತಂದೆಯವರು ಹೇಳಿದ್ದರು. ಅವನಿಗೆ ಅಂದು ಹೇಳಬೇಕೆನಿಸಿದ್ದನ್ನು ನಿಮ್ಮೆಲ್ಲರಿಗೂ ತಿಳಿಯಲೆಂದು ಇಲ್ಲಿ ಬರೆಯುತ್ತಿದ್ದೇನೆ. ಅಭ್ಯಾಸಬಲದಿಂದ ಇತಿಹಾಸದಿಂದಲೇ ಆರಂಭಿಸುತ್ತೇನೆ.

ರಕ್ತದ ಒತ್ತಡವನ್ನು ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಉಪಾಯವನ್ನು ಇಟಲಿಯ ವೈದ್ಯ ರಿವಾ ರೋಚಿ ಕಂಡುಹಿಡಿದದ್ದು 1896ರಲ್ಲಿ. ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ನಾಡಿಯ ಸದ್ದನ್ನು ಆಲಿಸಿ ಮೇಲಿನ ಮತ್ತು ಕೆಳಗಿನ ಎರಡೂ ಅಂಕಿಗಳನ್ನು ಗುರುತಿಸುವ ಕ್ರಮವನ್ನು ರಷ್ಯದ ಕೊರೊಟ್ಕೋವ್ 1905ರಲ್ಲಿ ತಿಳಿಸಿದನು. ಅಳೆಯಲು ಬಂದಿತೇ ಹೊರತು ಇಳಿಸಲು ಬರಲಿಲ್ಲ. ಇಳಿಸಬೇಕೆಂಬ ಒಮ್ಮತವೂ ಇರಲಿಲ್ಲ. ಗಡುಸಾದ ರಕ್ತನಾಳಗಳಲ್ಲಿ ರಕ್ತ ಹರಿಯಬೇಕಾದರೆ ಹೆಚ್ಚಿನ ಒತ್ತಡ ಇರಲೇಬೇಕೆಂದು ಅನೇಕ ವೈದ್ಯರು ನಂಬಿದ್ದರು.

ಈ ಅಸಹಾಯಕತೆಗೆ ದೊಡ್ಡ ನಿದರ್ಶನ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್. ಎರಡನೆಯ ಮಹಾಯುದ್ಧದ ಪಾಠದಲ್ಲಿ ಯಾಲ್ಟಾ ಸಮ್ಮೇಳನದ ಬಗ್ಗೆ ನಿಮಗೆಲ್ಲ ಬಾಯಿಪಾಠ ಮಾಡಿಸಿದ್ದೆ. 1945ರ ಫೆಬ್ರುವರಿಯಲ್ಲಿ ಸ್ಟಾಲಿನ್, ಚರ್ಚಿಲ್ಲರೊಡನೆ ಕುಳಿತ ಆ ಮನುಷ್ಯನ ಒತ್ತಡ ಆಗ 260/150ಕ್ಕೆ ಏರಿತ್ತೆಂಬುದನ್ನು ಮಾತ್ರ ತರಗತಿಯಲ್ಲಿ ಹೇಳಿರಲಿಲ್ಲ; ನನಗೂ ಅಂದು ತಿಳಿದಿರಲಿಲ್ಲ. ಜಗತ್ತಿನಲ್ಲೇ ಶ್ರೇಷ್ಠವಾದ ವೈದ್ಯಕೀಯ ಸೌಕರ್ಯ ಅವರ ಬಾಗಿಲಲ್ಲೇ ಇತ್ತು. ಆದರೆ ವೈದ್ಯರ ಕೈಯಲ್ಲಿದ್ದುದು ವಿಶ್ರಾಂತಿ, ಉಪ್ಪು ಕಡಿಮೆಯ ಊಟ, ಹೃದಯಕ್ಕೆ ಡಿಜಿಟಾಲಿಸ್, ನರಗಳನ್ನು ಶಮನಗೊಳಿಸುವ ಫಿನೋಬಾರ್ಬಿಟಾಲ್, ಇಷ್ಟೇ. ಅದೇ ವರ್ಷದ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡರು. ಆ ದಿನ ಅಳೆದ ಒತ್ತಡ 300ನ್ನು ಮೀರಿತ್ತು.

ಇಷ್ಟಾಗುವ ಹೊತ್ತಿಗೆ ನಮ್ಮ ದೇಶದಲ್ಲಿ ಒಂದು ಔಷಧ ಸಿದ್ಧವಾಗಿಯೇ ಇತ್ತು. ಅದು ಸರ್ಪಗಂಧ. ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಈ ಪುಟ್ಟ ಗಿಡದ ಬೇರನ್ನು ಹಾವಿನ ಕಡಿತಕ್ಕೆ, ನಿದ್ರಾಹೀನತೆಗೆ, ಬುದ್ಧಿಭ್ರಮಣೆಗೆ ಕೊಡುವ ವಾಡಿಕೆ ಬಹಳ ಹಿಂದಿನಿಂದಲೂ ಇತ್ತು. ಯುರೋಪಿನ ಸಸ್ಯವಿಜ್ಞಾನಿಗಳು ಇದರ ಕುಲಕ್ಕೆ ಹದಿನಾರನೆಯ ಶತಮಾನದ ಜರ್ಮನ್ ವೈದ್ಯ ರಾವೋಲ್ಫ್‌ನ ಹೆಸರಿಟ್ಟರು. ಪಶ್ಚಿಮ ಏಷ್ಯದವರೆಗೆ ಸುತ್ತಿದ ಆ ಮಹಾಶಯ ಭಾರತಕ್ಕೆ ಬಂದೇ ಇರಲಿಲ್ಲ! ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು 1931ರಲ್ಲಿಯೇ ಈ ಬೇರು ಬುದ್ಧಿಭ್ರಮಣೆಗೂ ಅಧಿಕ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಬರೆದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ಅವರ ಸಹೋದ್ಯೋಗಿ ಬೇರಿನಿಂದ ಸತ್ತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಂ ಅಜ್ಮಲ್ ಖಾನರ ನೆನಪಿನಲ್ಲಿ ಅಜ್ಮಲೀನ್ ಎಂದು ಹೆಸರಿಟ್ಟರು. ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲರು ತಮ್ಮ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶವನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆಯೇ ಪಶ್ಚಿಮದ ಕಣ್ಣು ಇತ್ತ ಹರಿದದ್ದು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ವಿಜ್ಞಾನಿಗಳು ಬೇರಿನ ಮುಖ್ಯ ಸತ್ತ್ವವಾದ ರಿಸರ್ಪಿನ್ ಅನ್ನು ಬೇರ್ಪಡಿಸಿದರು. ಕೆಲವೇ ವರ್ಷಗಳಲ್ಲಿ ಅದರ ಮಾತ್ರೆ ಲೋಕವನ್ನೆಲ್ಲ ಸುತ್ತಿ, ಮಲೆನಾಡಿನ ನಮ್ಮ ಮನೆಗೂ ಬಂದಿತು.

ಅದು 1959. ನಾನು ಹೈಸ್ಕೂಲಿನಲ್ಲಿದ್ದೆ. ನನ್ನ ತಂದೆಯವರು ಶಾನುಭೋಗಿಕೆ ಮಾಡಿಕೊಂಡಿದ್ದರು. ಹಗಲು ಲೆಕ್ಕಪತ್ರ, ಸಂಜೆ ಜಗಲಿಯಲ್ಲಿ ಗಮಕವಾಚನ. ಅವರ ಕಂಠ ಕೇಳಲು ಪಕ್ಕದ ಕೇರಿಯಿಂದಲೂ ಜನ ಬರುತ್ತಿದ್ದರು. ತಲೆಸುತ್ತೆಂದು ತಾಲ್ಲೂಕಿನ ವೈದ್ಯರಲ್ಲಿಗೆ ಹೋದಾಗ ಒತ್ತಡ ಹೆಚ್ಚಾಗಿದೆಯೆಂದು ದಿನಕ್ಕೆ ಮೂರು ಸಲ ರಿಸರ್ಪಿನ್ ಮಾತ್ರೆ ಕೊಟ್ಟರು. ತಲೆಸುತ್ತು ನಿಂತಿತು. ಆದರೆ ಐದಾರು ತಿಂಗಳಲ್ಲಿ ತಂದೆಯವರ ವಾಚನವೂ ನಿಂತಿತು. ಪುಸ್ತಕ ಬಿಚ್ಚುತ್ತಿರಲಿಲ್ಲ. ಬೆಳಗಿನ ಜಾವ ಮೂರಕ್ಕೇ ಎದ್ದು ಕತ್ತಲೆಯಲ್ಲಿ ಕುಳಿತಿರುತ್ತಿದ್ದರು. ಒಮ್ಮೆ ಅಮ್ಮನೊಡನೆ, "ನಾನಿದ್ದು ಯಾರಿಗೆ ಏನು ಪ್ರಯೋಜನ?" ಎಂದದ್ದನ್ನು ಬಾಗಿಲ ಹಿಂದಿನಿಂದ ಕೇಳಿಸಿಕೊಂಡಿದ್ದೆ. ಅಮ್ಮ ದೃಷ್ಟಿ ತೆಗೆದರು, ಹರಕೆ ಹೊತ್ತರು. ಆ ಬಿಳಿಯ ಮಾತ್ರೆಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಅದನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಡುತ್ತಿದ್ದವನು ನಾನೇ.

ಸುಮಾರು ಒಂದು ವರ್ಷದ ಮೇಲೆ ಜಿಲ್ಲಾ ಕೇಂದ್ರದ ಹಿರಿಯ ವೈದ್ಯರೊಬ್ಬರಿಗೆ ತೋರಿಸಿದೆವು. ಅವರು ನಾಡಿ ಹಿಡಿಯುವ ಮೊದಲೇ, "ಏನೇನು ಮಾತ್ರೆ ನುಂಗುತ್ತಿದ್ದೀರಿ? ಸೀಸೆ ತೋರಿಸಿ" ಎಂದರು. ನೋಡಿ, ಅದನ್ನು ಬಿಡಿಸಿ ಬೇರೊಂದು ಔಷಧಕ್ಕೆ ಬದಲಾಯಿಸಿದರು. ಒಂದೆರಡು ತಿಂಗಳಲ್ಲಿ ತಂದೆಯವರು ಮತ್ತೆ ಪುಸ್ತಕ ಬಿಚ್ಚಿದರು.

ಮೊದಲಿನ ವೈದ್ಯರನ್ನು ನಾನು ದೂರುವುದಿಲ್ಲ. ರಿಸರ್ಪಿನ್ನಿನ ಈ ಗುಣ ಆಗಷ್ಟೇ ವೈದ್ಯಲೋಕದ ಅರಿವಿಗೆ ಬರುತ್ತಿತ್ತು. ನರಗಳ ತುದಿಯಲ್ಲಿ ಸಂಗ್ರಹವಾಗಿರುವ ನಾರ್‌ಅಡ್ರಿನಲಿನ್, ಸೆರೊಟೋನಿನ್ ಮೊದಲಾದ ರಾಸಾಯನಿಕಗಳನ್ನು ಅದು ಬರಿದುಮಾಡುತ್ತದೆ. ರಕ್ತನಾಳಗಳು ಸಡಿಲಗೊಂಡು ಒತ್ತಡ ಇಳಿಯುವುದು ಅದರಿಂದಲೇ. ಕೆಲವರಲ್ಲಿ ಮನಸ್ಸು ಕುಗ್ಗುವುದೂ ಅದರಿಂದಲೇ ಎಂದು ವೈದ್ಯರು ಊಹಿಸಿದರು. ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಮುಂದೆ ಅದೇ ಔಷಧವನ್ನು ಬಹಳ ಕಡಿಮೆ ಪ್ರಮಾಣದಲ್ಲಿ, ಬೇರೆ ಔಷಧದ ಜೊತೆಗೆ ಕೊಡುವ ಕ್ರಮ ಬಂದಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಔಷಧವೇ ಖಳನೆಂದು ನೀವು ತಿಳಿಯಬಹುದಿತ್ತು. ಆದರೆ ತಂದೆಯವರ ಮನಸ್ಸಿನಲ್ಲಿ ಆ ಅನುಭವ ಒಂದು ಅಂಜಿಕೆಯನ್ನು ಉಳಿಸಿತು. ಹೊಸ ಮಾತ್ರೆಯಿಂದ ಐದಾರು ವರ್ಷ ಚೆನ್ನಾಗಿದ್ದರು. 1966ರಲ್ಲಿ ಒಂದು ದಿನ, "ಈಗ ಏನೂ ತೊಂದರೆಯಿಲ್ಲ, ಇನ್ನೇಕೆ ವಿಷ?" ಎಂದು ಯಾರನ್ನೂ ಕೇಳದೆ ಬಿಟ್ಟರು. ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ಬಾವಿಕಟ್ಟೆಯ ಬಳಿ ಕುಸಿದರು. ಬಲಗೈ ಬಿದ್ದಿತ್ತು, ಮಾತು ಹೋಗಿತ್ತು. ಮೂರನೆಯ ದಿನ ತೀರಿಕೊಂಡರು. ಮಾತ್ರೆ ಬಿಟ್ಟದ್ದೇ ಕಾರಣವೆಂದು ಖಚಿತವಾಗಿ ಯಾರೂ ಹೇಳಲಾರರು. ಆದರೆ ಮರುವರ್ಷವೇ ಪ್ರಕಟವಾದ ಒಂದು ಅಧ್ಯಯನವನ್ನು ಬಹಳ ಕಾಲದ ಮೇಲೆ ಓದಿದಾಗ ನನಗೆ ಸಂದೇಹ ಉಳಿಯಲಿಲ್ಲ.

ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ಎಂಬ ವೈದ್ಯರ ಮುಂದಾಳ್ತನದಲ್ಲಿ ನಡೆದ ಪರೀಕ್ಷೆ ಅದು. ಕೆಳಗಿನ ಅಂಕಿ 115ರಿಂದ 129ರವರೆಗಿದ್ದ 143 ಗಂಡಸರಲ್ಲಿ 73 ಮಂದಿಗೆ ನಿಜವಾದ ಔಷಧ, 70 ಮಂದಿಗೆ ಔಷಧವಿಲ್ಲದ ತೋರಿಕೆಯ ಮಾತ್ರೆ. ತೋರಿಕೆಯ ಮಾತ್ರೆ ನುಂಗಿದವರಲ್ಲಿ ಗಂಭೀರ ತೊಡಕುಗಳು 27, ಸಾವು ನಾಲ್ಕು. ಔಷಧ ಪಡೆದವರಲ್ಲಿ ತೊಡಕು ಎರಡೇ, ಸಾವು ಇಲ್ಲ. 1967ರ ಈ ಫಲಿತಾಂಶದಿಂದ, ತೀವ್ರವಾದ ಒತ್ತಡವನ್ನು ಇಳಿಸಬೇಕೇ ಬೇಡವೇ ಎಂಬ ಹಳೆಯ ಚರ್ಚೆ ಕೊನೆಗೊಂಡಿತು. ವಿಶೇಷವೆಂದರೆ, ಆ 73 ಮಂದಿಗೆ ಕೊಟ್ಟ ಮೂರು ಔಷಧಗಳ ಮಿಶ್ರಣದಲ್ಲಿ ಒಂದು ನಮ್ಮ ಸರ್ಪಗಂಧದ ರಿಸರ್ಪಿನ್ನೇ! ನಮ್ಮ ತಂದೆಯವರನ್ನು ಕತ್ತಲೆಯಲ್ಲಿ ಕೂರಿಸಿದ ಔಷಧವೇ ಅಲ್ಲಿ, ಎಚ್ಚರದ ಕಣ್ಣಿನ ಕೆಳಗೆ, ಜೀವ ಉಳಿಸಿತ್ತು.

ಮುಂದಿನ ಔಷಧಗಳ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. ಮೂತ್ರದ ಮೂಲಕ ಉಪ್ಪನ್ನು ಹೊರಹಾಕುವ ಥಯಜೈಡ್ ಮಾತ್ರೆಗಳು 1958ರಲ್ಲಿ ಬಂದವು. ಮೊದಮೊದಲು ದೊಡ್ಡ ಪ್ರಮಾಣದಲ್ಲಿ ಕೊಟ್ಟು ರಕ್ತದ ಪೊಟ್ಯಾಸಿಯಂ ಕುಸಿದ ಮೇಲೆ ಪ್ರಮಾಣ ತಗ್ಗಿತು. ಬ್ರೆಜಿಲ್ಲಿನ ಒಂದು ಮಂಡಲದ ಹಾವಿನ ವಿಷದ ಅಧ್ಯಯನದಿಂದ ಹುಟ್ಟಿದ ಕ್ಯಾಪ್ಟೋಪ್ರಿಲ್ ಅಮೆರಿಕದಲ್ಲಿ 1981ರಲ್ಲಿ ಒಪ್ಪಿಗೆ ಪಡೆಯಿತು. ಅದರಲ್ಲಿಯೂ ಆರಂಭದ ಹೆಚ್ಚಿನ ಪ್ರಮಾಣ ತೊಂದರೆ ಕೊಟ್ಟು, ಕಡಿಮೆ ಪ್ರಮಾಣ ಸಾಕೆಂದು ಆಮೇಲೆ ತಿಳಿಯಿತು. ಸರ್ಪಗಂಧದಿಂದ ಸರ್ಪವಿಷದವರೆಗೆ ಎಲ್ಲೆಡೆಯೂ ಪ್ರಶ್ನೆ ಒಂದೇ: ಯಾರಿಗೆ, ಎಷ್ಟು, ಯಾರ ನಿಗಾದಲ್ಲಿ?

ಇನ್ನು ನನ್ನ ವಿದ್ಯಾರ್ಥಿಗೆ ಹೇಳಿದ ಮಾತುಗಳನ್ನು ಸಂಗ್ರಹವಾಗಿ ಬರೆಯುತ್ತೇನೆ.

ಒತ್ತಡ ನಾರ್ಮಲ್ ಆಗಿರುವುದು ಬಹುಮಟ್ಟಿಗೆ ಮಾತ್ರೆಯಿಂದಲೇ. ಕೊಡೆ ಹಿಡಿದವನು ನೆನೆಯಲಿಲ್ಲವೆಂದು ಮಳೆಯಲ್ಲೇ ಕೊಡೆ ಮಡಿಸುವುದುಂಟೇ? ತೂಕ ಇಳಿದು, ಉಪ್ಪು ಕಡಿಮೆಯಾಗಿ, ಔಷಧ ತಗ್ಗಿಸಲು ಸಾಧ್ಯವಾಗಬಹುದು. ಆ ತೀರ್ಮಾನ ವೈದ್ಯರದು. ಕ್ಲೋನಿಡಿನ್‌ನಂಥ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಒತ್ತಡ ಮೊದಲಿಗಿಂತಲೂ ಮೇಲೇರುತ್ತದೆ. ಪ್ರೊಪ್ರನೊಲಾಲ್ ಗುಂಪಿನ ಮಾತ್ರೆಗಳನ್ನು ಹಾಗೆ ಬಿಟ್ಟರೆ ಹೃದಯಕ್ಕೆ ಅಪಾಯ.

ಹೊಸ ಮಾತ್ರೆ ಶುರುವಾದ ಮೇಲೆ ದೇಹದಲ್ಲಿ, ಮನಸ್ಸಿನಲ್ಲಿ ಏನು ಬದಲಾದರೂ ವೈದ್ಯರಿಗೆ ಹೇಳಬೇಕು. ಒಣಕೆಮ್ಮು, ಕಾಲುಬಾವು, ಎದ್ದು ನಿಂತಾಗ ಕಣ್ಣುಕತ್ತಲೆ, ಮಂಕು, ಯಾವುದನ್ನೂ "ವಯಸ್ಸಾಯಿತು" ಎಂದು ತಳ್ಳಿಹಾಕಬಾರದು. ತುಟಿ, ನಾಲಿಗೆ ಊದಿಕೊಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಿಗೂ ಗರ್ಭಧಾರಣೆಯ ಯೋಚನೆಯಿರುವವರಿಗೂ ಕೆಲವು ಮಾತ್ರೆಗಳು ಸಲ್ಲವು; ಮೊದಲೇ ತಿಳಿಸಬೇಕು.

ಮಂಡಿನೋವಿಗೆಂದು ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೋಫಿನಾಕ್ ಒತ್ತಡವನ್ನು ಏರಿಸಿ, ಮೂತ್ರಪಿಂಡಕ್ಕೂ ಕಷ್ಟ ಕೊಡಬಲ್ಲವು. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕೆಲವು ಮಾತ್ರೆಗಳೊಡನೆ ಅದು ಮಿತಿಮೀರಬಹುದು. ಬೇರಿನ ಪುಡಿಯೆಂದರೆ ನಿರಪಾಯವೆಂಬ ಭ್ರಮೆ ಬೇಡ. ಸರ್ಪಗಂಧದ ಪುಡಿಯಲ್ಲಿರುವುದೂ ಅದೇ ರಿಸರ್ಪಿನ್.

ಒತ್ತಡ ಏರಿತೆಂದು ನಿಫೆಡಿಪಿನ್ ಕ್ಯಾಪ್ಸೂಲನ್ನು ಒಡೆದು ನಾಲಿಗೆಯಡಿ ಇಡುವ ಪದ್ಧತಿ ಒಂದು ಕಾಲದಲ್ಲಿ ಬಹಳ ರೂಢಿಯಲ್ಲಿತ್ತು. ಒತ್ತಡ ಏಕಾಏಕಿ ಕುಸಿದು ಪಾರ್ಶ್ವವಾಯು, ಹೃದಯಾಘಾತಗಳಾದದ್ದರಿಂದ ಅದನ್ನು ಕೈಬಿಡಬೇಕೆಂದು 1996ರಲ್ಲಿಯೇ ತಜ್ಞರು ಬರೆದರು. ಪಕ್ಕದ ಮನೆಯವರ ಮಾತ್ರೆಯೂ, ಮರೆತ ನಿನ್ನೆಯ ಮಾತ್ರೆಯನ್ನು ಸೇರಿಸಿ ಎರಡು ನುಂಗುವುದೂ ಇದೇ ಬಗೆಯ ದುಡುಕು.

ಕೊನೆಯದು, ಜಿಲ್ಲಾ ಕೇಂದ್ರದ ಆ ಹಿರಿಯ ವೈದ್ಯರಿಂದ ಕಲಿತದ್ದು. ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನನ್ನ ಚೀಲ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದೆ.

ಮೊನ್ನೆ ಆ ಶಿಷ್ಯ ಫೋನ್ ಮಾಡಿದ್ದ. ವೈದ್ಯರಲ್ಲಿಗೆ ಹೋದನಂತೆ, ಒತ್ತಡ 170/104 ಇತ್ತಂತೆ. ಮಾತ್ರೆ ಮತ್ತೆ ಆರಂಭವಾಗಿದೆ. "ಸರ್, ತಲೆನೋವೂ ಇರಲಿಲ್ಲ, ಏನೂ ಗೊತ್ತಾಗಲಿಲ್ಲ" ಎಂದ. ನಮ್ಮ ತಂದೆಯವರಿಗೂ ಗೊತ್ತಾಗಿರಲಿಲ್ಲ ಎಂದೆ.