ಅಗ್ಗದ ತೋಟಾದ ಚರಿತ್ರೆ

ಅಗ್ಗವೆಂದು ಮುಗ್ಗಿದ ಜೋಳ ತಂದಂತೆ ಎಂದು ನಮ್ಮಲ್ಲಿ ಒಂದು ಮಾತುಂಟು. ಜೋಳವಾದರೆ ಮೂಸಿ ನೋಡಬಹುದು. ಬಟ್ಟೆಯಾದರೆ ಬೆರಳುಗಳ ನಡುವೆ ತಿಕ್ಕಿ ನೋಡಬಹುದು. ತೆಂಗಿನಕಾಯಿಯನ್ನು ಕೂಡ ಕಿವಿಯ ಬಳಿ ಅಲುಗಿಸಿ ಅದರ ಗುಣವನ್ನು ಊಹಿಸಬಹುದು. ಆದರೆ ಕೊಳ್ಳುವವನು ಒಳಗನ್ನು ನೋಡಲಾಗದಂಥ, ನೋಡಹೊರಟರೆ ಪದಾರ್ಥವೇ ಕೆಟ್ಟುಹೋಗುವಂಥ ಸರಕುಗಳೂ ಕೆಲವುಂಟು. ಬಂದೂಕಿನ ತೋಟಾ ಅಂಥದೊಂದು. ಯುದ್ಧಕ್ಕಲ್ಲದೆ, ಬೇಟೆಗಲ್ಲದೆ, ಗುರಿಯಾಟದ ಸಂತೋಷಕ್ಕಾಗಿಯೇ ರೈಫಲ್ಲು ಹಿಡಿಯುವ ಸಾಮಾನ್ಯನ ಮುಂದೆ ಈ ಮುಚ್ಚಿದ ಡಬ್ಬಿ ಎರಡು ಪ್ರಶ್ನೆಗಳನ್ನು ಒಡ್ಡುತ್ತದೆ. ಇದು ನನ್ನ ಕೈಗೆಟುಕುವ ಬೆಲೆಯದೇ? ಇದು ನನ್ನ ಕಣ್ಣನ್ನೂ ಕೈಯನ್ನೂ ಕೋವಿಯನ್ನೂ ಕೆಡಿಸದೆ ಬಿಡುವುದೇ? ಈ ಎರಡಕ್ಕೂ ಒಟ್ಟಿಗೆ ಹೌದೆನ್ನುವ ತೋಟಾ ದೊರಕುವುದಕ್ಕೆ ಸುಮಾರು ಎಂಬತ್ತು ವರ್ಷ ಹಿಡಿಯಿತು. ಆ ಕಥೆ ತಿಳಿಯತಕ್ಕದ್ದು.

ತೋಟಾಕ್ಕೆ ನಮ್ಮ ಹಳಬರು ಹೇಳುತ್ತಿದ್ದ ಇನ್ನೊಂದು ಹೆಸರು ಕಾಡತೂಸು. ಕಾಡಿಗೂ ಈ ಶಬ್ದಕ್ಕೂ ಯಾವ ಸಂಬಂಧವೂ ಇಲ್ಲ. ಯುರೋಪಿನ ಭಾಷೆಗಳಿಂದ ಹಿಂದುಸ್ತಾನಿಗೆ ‘ಕಾರತೂಸ್’ ಆಗಿ ಬಂದು, ಅಲ್ಲಿಂದ ನಮ್ಮಲ್ಲಿಗೆ ಇಳಿದ ಮಾತು ಅದು; ಮೂಲದಲ್ಲಿ ಕಾಗದದ ಸುರುಳಿ ಎಂದರ್ಥ. ಮೊದಮೊದಲಿನ ತೋಟಾ ನಿಜವಾಗಿಯೂ ಕಾಗದದ್ದೇ. ಅಳೆದ ಮದ್ದನ್ನೂ ಗುಂಡನ್ನೂ ಕಾಗದದಲ್ಲಿ ಸುತ್ತಿರುತ್ತಿದ್ದರು. ಸಿಪಾಯಿ ಅದರ ತುದಿಯನ್ನು ಹಲ್ಲಿನಿಂದ ಹರಿದು ಮದ್ದನ್ನು ನಳಿಗೆಗೆ ಸುರಿಯುತ್ತಿದ್ದ. 1857ರಲ್ಲಿ ಎನ್‌ಫೀಲ್ಡ್ ರೈಫಲ್ಲಿನ ತೋಟಾಗಳಿಗೆ ಹಸುವಿನ ಮತ್ತು ಹಂದಿಯ ಕೊಬ್ಬು ಸವರಿದೆ ಎಂಬ ಸುದ್ದಿ ಹಬ್ಬಿ ಉತ್ತರ ಹಿಂದುಸ್ತಾನವೆಲ್ಲ ಹೊತ್ತಿಕೊಂಡದ್ದನ್ನು ಶಾಲೆಯ ಮಕ್ಕಳೂ ಬಲ್ಲರು. ಆ ದಂಗೆಗೆ ಕಾರಣಗಳು ಹಲವು; ಆದರೆ ಕಿಡಿಯಾಗಿ ಸಿಡಿದ ಪ್ರಶ್ನೆ ಒಂದೇ. ಈ ತೋಟಾದಲ್ಲಿ ಏನಿದೆ? ಉತ್ತರ ಹೇಳಬೇಕಾಗಿದ್ದವರ ಮಾತಿನಲ್ಲಿ ನಂಬಿಕೆ ಹೊರಟುಹೋಗಿತ್ತು.

ಅದೇ 1857ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಸ್ಮಿತ್ ಮತ್ತು ವೆಸನ್ ಎಂಬ ಪಾಲುದಾರರು ಒಂದು ಪುಟ್ಟ ರಿವಾಲ್ವರನ್ನೂ ಅದಕ್ಕೆ ತಕ್ಕ ಲೋಹದ ತೋಟಾವನ್ನೂ ಮಾರಾಟಕ್ಕೆ ತಂದರು. ಇದಕ್ಕೆ ಹಿನ್ನೆಲೆಯಾಗಿ ಎರಡು ಹೆಜ್ಜೆಗಳನ್ನು ಹೇಳಬೇಕು. ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಮದ್ದಿಗೆ ಕಿಡಿ ಕೊಡಬಹುದೆಂದು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಹಕ್ಕುಪತ್ರ ಪಡೆದಿದ್ದ. ನಮ್ಮ ಮಲೆನಾಡಿನ ಹಿರಿಯರು ಕಂಡ ಕೇಪಿನ ಕೋವಿ ಈ ವಿಚಾರದ ಸಂತಾನವೇ. ಇಂಥ ಸಿಡಿಮದ್ದನ್ನು ತಯಾರಿಸುವುದು ಪ್ರಾಣದೊಡನೆ ಸರಸ. ಲಂಡನ್ನಿನ ಹೆಸರಾಂತ ತಯಾರಕ ವಿಲಿಯಂ ಈಲಿ 1841ರಲ್ಲಿ ತನ್ನ ಕಾರ್ಖಾನೆಯ ಸ್ಫೋಟದಲ್ಲೇ ಸತ್ತ. ಮುಂದೆ 1845ರಲ್ಲಿ ಪ್ಯಾರಿಸಿನ ಕೋವಿಗಾರ ಫ್ಲೋಬೇರ್, ಒಂದು ಕೇಪಿನ ಬಾಯಿಗೆ ಸಣ್ಣ ಸೀಸದ ಗುಂಡನ್ನು ಕೂರಿಸಿಬಿಟ್ಟ. ಮದ್ದೇ ಇಲ್ಲ, ಕೇಪಿನ ಸಿಡಿತವೇ ಗುಂಡನ್ನು ತಳ್ಳುತ್ತಿತ್ತು. ದಿವಾನಖಾನೆಯ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯ ಹಲಗೆಗೆ ಗುರಿ ಹೊಡೆಯುವ ವಿನೋದಕ್ಕೆ ಅಷ್ಟು ಸಾಕಾಗಿತ್ತು. ಸ್ಮಿತ್ ಮತ್ತು ವೆಸನ್ ಮಾಡಿದ್ದು ಇಷ್ಟೆ: ಆ ಡಬ್ಬಿಯನ್ನು ಕೊಂಚ ಉದ್ದ ಮಾಡಿ ಒಳಗೆ ಚಿಟಿಕೆ ಮದ್ದು ತುಂಬಿದರು. ಇಂದಿಗೂ ‘ಪಾಯಿಂಟ್ 22’ ಎಂದು ಪ್ರಸಿದ್ಧವಾಗಿರುವ ತೋಟಾದ ವಂಶಕ್ಕೆ ಇದು ಮೂಲಪುರುಷ. ಅಂಗುಲದ ನೂರು ಪಾಲಿನಲ್ಲಿ 22 ಪಾಲು, ಅಂದರೆ 5.6 ಮಿಲಿಮೀಟರು, ಅದರ ಗಾತ್ರ.

ಇದು ಅಗ್ಗವಾದದ್ದು ಹೇಗೆ ಎಂಬುದನ್ನು ಅದರ ರಚನೆಯೇ ಹೇಳುತ್ತದೆ. ತೋಟಾದ ಬುಡದಲ್ಲಿ ಲೋಹವನ್ನು ಹೊರಕ್ಕೆ ಮಡಿಸಿ ಅಂಚು ಮಾಡಿರುತ್ತದೆ. ಆ ಮಡಿಕೆಯೊಳಗೆ ಸಿಡಿಮದ್ದಿನ ತೆಳುವಾದ ಲೇಪ. ಕೋವಿಯ ಸೂಜಿ ಅಂಚನ್ನು ಜಜ್ಜಿದೊಡನೆ ಕಿಡಿ ಹುಟ್ಟುತ್ತದೆ. ಬೇರೆ ಕೇಪು ಬೇಡ, ಅದನ್ನು ಕೂರಿಸುವ ಗುಂಡಿ ಬೇಡ, ಅಷ್ಟರಮಟ್ಟಿಗೆ ಖರ್ಚು ಕಡಿಮೆ. ಆದರೆ ಅಂಚು ಜಜ್ಜಿಹೋಗುವಷ್ಟು ತೆಳುವಾಗಿರಬೇಕಾದದ್ದರಿಂದ ಒಳಗೆ ಹೆಚ್ಚಿನ ಒತ್ತಡಕ್ಕೆ ಎಡೆಯಿಲ್ಲ. ದೊಡ್ಡ ರೈಫಲ್ಲಿನ ಶಕ್ತಿ ಇದಕ್ಕೆ ಎಂದಿಗೂ ಬಾರದು. ಒಮ್ಮೆ ಜಜ್ಜಿದ ಅಂಚು ಮತ್ತೆ ಕೆಲಸಕ್ಕೆ ಬಾರದಾದ್ದರಿಂದ ಖಾಲಿ ಡಬ್ಬಿಗೆ ಮನೆಯಲ್ಲಿ ಮದ್ದು ತುಂಬುವ ಸಾಹಸಕ್ಕೂ ಆಸ್ಪದವಿಲ್ಲ. ಬಡತನದ ಈ ಎರಡು ಲಕ್ಷಣಗಳೇ ಅದರ ಸುರಕ್ಷತೆಗೂ ಆಧಾರವಾದದ್ದು ವಿಚಿತ್ರ.

1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪೆನಿ ಈ ತೋಟಾಕ್ಕೆ 2.6 ಗ್ರಾಂ ತೂಕದ ಉದ್ದನೆಯ ಗುಂಡನ್ನು ಸೇರಿಸಿ ‘ಲಾಂಗ್ ರೈಫಲ್’ ಎಂದು ಹೆಸರಿಟ್ಟಿತು. ಗುರಿ ನಿಖರವಾಯಿತು. ಆದರೆ ಅದು ಜನಸಾಮಾನ್ಯರ ತೋಟಾ ಆಗುವುದಕ್ಕೆ ಒಂದು ಯುದ್ಧ ಬೇಕಾಯಿತು. 1899ರಲ್ಲಿ ದಕ್ಷಿಣ ಆಫ್ರಿಕದ ಬೋಯರ್ ರೈತರ ಎದುರು ಬ್ರಿಟಿಷ್ ಸೈನ್ಯ ಮುಖಭಂಗಪಟ್ಟಾಗ, ನಮ್ಮ ಜನಕ್ಕೆ ಗುರಿ ಹೊಡೆಯಲು ಬಾರದು ಎಂಬ ಕೊರಗು ಇಂಗ್ಲೆಂಡಿನಲ್ಲಿ ಹುಟ್ಟಿತು. ಸೈನ್ಯದ ಪಾಯಿಂಟ್ 303 ರೈಫಲ್ಲಿನಲ್ಲಿ ಅಭ್ಯಾಸ ಮಾಡೋಣವೆಂದರೆ ನೂರಾರು ಗಜದ ಬಯಲು, ಅದರ ಕೊನೆಗೆ ಮಣ್ಣಿನ ದಿಬ್ಬ, ದುಬಾರಿ ತೋಟಾ, ಇವೆಲ್ಲ ಬೇಕು. ನಗರದ ಗುಮಾಸ್ತನೂ ಗಿರಣಿಯ ಕೆಲಸಗಾರನೂ ಇದನ್ನೆಲ್ಲ ಎಲ್ಲಿಂದ ತಂದಾರು? 1901ರಲ್ಲಿ ಲಂಡನ್ನಿನಲ್ಲಿ ಕೆಲಸಗಾರರ ರೈಫಲ್ ಕ್ಲಬ್ಬುಗಳ ಸಂಘವೊಂದು ಹುಟ್ಟಿತು. ಕೆಲ ಕಾಲದಲ್ಲೇ ‘ಮಿನಿಯೇಚರ್ ರೈಫಲ್’ ಕ್ಲಬ್ಬುಗಳ ಸಂಘವೆಂದು ಹೆಸರು ಬದಲಿಸಿಕೊಂಡಿತು. ಬೋಯರ್ ಯುದ್ಧದ ಸೇನಾನಿ ಲಾರ್ಡ್ ರಾಬರ್ಟ್ಸ್ ಅದರ ಬೆಂಬಲಕ್ಕೆ ನಿಂತ. 25 ಗಜದ ಒಂದು ಕೊಠಡಿ, ಒಂದು ಕಬ್ಬಿಣದ ಹಲಗೆ, ಒಂದು ಪಾಯಿಂಟ್ 22 ರೈಫಲ್ಲು ಇದ್ದರೆ ಕ್ಲಬ್ಬು ಸಿದ್ಧ. ಸಂಜೆ ಕೆಲಸ ಮುಗಿಸಿದವನು ಅಲ್ಪ ಖರ್ಚಿನಲ್ಲಿ ನಾಲ್ಕಾರು ಸುತ್ತು ಹೊಡೆದು ಮನೆಗೆ ಹೋಗಬಹುದು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಈ ಸಣ್ಣ ನಳಿಗೆಯ ರೈಫಲ್ಲಿಗೆ ಪ್ರತ್ಯೇಕ ಸ್ಪರ್ಧೆಗಳೇ ನಡೆದವು.

ಬೆಲೆಯ ಪ್ರಶ್ನೆ ಹೀಗೆ ಬಗೆಹರಿಯಿತು. ಆದರೆ ಡಬ್ಬಿಯ ಮೇಲೆ ಬರೆದ ಬೆಲೆಯೇ ಪೂರ್ಣ ಬೆಲೆಯಲ್ಲ ಎಂಬುದು ಕ್ರಮೇಣ ತಿಳಿದುಬಂತು. ಹೊಸ ರೈಫಲ್ಲುಗಳ ನಳಿಗೆಗಳು ಒಳಗೊಳಗೇ ತುಕ್ಕು ಹಿಡಿದು ಹಾಳಾಗುತ್ತಿದ್ದವು. ಹಳೆಯ ಕರಿಮದ್ದಿನ ಕಾಲದಲ್ಲಿ ಇಷ್ಟು ಕಾಟವಿರಲಿಲ್ಲ. 1884ರಲ್ಲಿ ಫ್ರಾನ್ಸಿನ ವಿಯೇಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದು, ಅದರ ಬಳಕೆ ಹಬ್ಬಿದ ಮೇಲೆ ರೋಗ ಉಲ್ಬಣಿಸಿತು. ಸಹಜವಾಗಿ ಎಲ್ಲರೂ ಹೊಸ ಮದ್ದನ್ನೇ ದೂರಿದರು. ಎಣ್ಣೆ ಹಚ್ಚಿದರು, ಎಣ್ಣೆಯ ಪದರದ ಅಡಿಯಲ್ಲೇ ತುಕ್ಕು ಬೆಳೆಯಿತು. ನಿಜವಾದ ಅಪರಾಧಿಯನ್ನು 1922ರಲ್ಲಿ ಅಮೆರಿಕದ ಗಣಿ ಇಲಾಖೆಯ ವಿಲ್ಬರ್ಟ್ ಹಫ್ ಎಂಬ ರಸಾಯನಶಾಸ್ತ್ರಜ್ಞ ತೋರಿಸಿಕೊಟ್ಟ. ತಪ್ಪು ಮದ್ದಿನದಲ್ಲ, ಕಿಡಿ ಕೊಡುವ ಸಿಡಿಮದ್ದಿನದು. ಅದರಲ್ಲಿ ಬಳಸುತ್ತಿದ್ದ ಪೊಟ್ಯಾಸಿಯಂ ಕ್ಲೋರೇಟು ಉರಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡಾಗಿ ನಳಿಗೆಯಲ್ಲಿ ಉಳಿಯುತ್ತದೆ. ಅದು ನಮ್ಮ ಅಡುಗೆಯ ಉಪ್ಪಿನ ದಾಯಾದಿ. ಆಷಾಢದಲ್ಲಿ ಉಪ್ಪಿನ ಭರಣಿ ನೀರೂರುವುದನ್ನು ಕಂಡವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ: ಗಾಳಿಯ ತೇವವನ್ನು ಹೀರಿ ಆ ಉಪ್ಪು ಉಕ್ಕನ್ನು ತಿನ್ನುತ್ತದೆ. ಕರಿಮದ್ದಿನ ಹೇರಳವಾದ ಮಸಿಯಲ್ಲಿ ಈ ಉಪ್ಪು ಹರಡಿ ಹೋಗುತ್ತಿತ್ತು. ಆ ಮಸಿಯನ್ನು ತೊಳೆಯಲು ಜನ ನೀರು ಬಳಸುತ್ತಿದ್ದುದರಿಂದ ಉಪ್ಪೂ ಕರಗಿ ಹೋಗುತ್ತಿತ್ತು. ಹೊಸ ಮದ್ದು ಮಸಿ ಬಿಡಲಿಲ್ಲ. ನೋಡಲು ನಳಿಗೆ ಶುಭ್ರ. ಆದ್ದರಿಂದ ಜನ ನೀರು ಬಿಟ್ಟು ಎಣ್ಣೆ ಹಿಡಿದರು. ಉಪ್ಪು ಎಣ್ಣೆಯಲ್ಲಿ ಕರಗದು. ಹೀಗೆ ಶುಭ್ರತೆಯೇ ಮೋಸ ಮಾಡಿತು.

ಕಾರಣ ತಿಳಿದ ಮೇಲೆ ಪರಿಹಾರ ತಡವಾಗಲಿಲ್ಲ. ಅಂದಿನ ಮಟ್ಟಿಗೆ ಒಂದು ಕೆಟಲ್ ಬಿಸಿನೀರೇ ಔಷಧ. ಅದೇ 1920ರ ದಶಕ ಮುಗಿಯುವುದರೊಳಗೆ ಜರ್ಮನಿಯ ‘ಸಿನಾಕ್ಸಿಡ್’, ಅಮೆರಿಕದ ‘ಕ್ಲೀನ್‌ಬೋರ್’ ಮುಂತಾದ ಹೆಸರುಗಳಲ್ಲಿ ಕ್ಲೋರೇಟಿಲ್ಲದ ಸಿಡಿಮದ್ದು ಬಂತು. ಪಾಯಿಂಟ್ 22 ತೋಟಾದ ಮಟ್ಟಿಗೆ ತುಕ್ಕಿನ ಭಯ ಕಳೆಯಿತು. ದೊಡ್ಡ ರೈಫಲ್ಲಿನವರಿಗೆ ಮಾತ್ರ ಅದು ಇನ್ನೊಂದು ವೇಷದಲ್ಲಿ ಮರಳಿತು. ಎರಡನೆಯ ಮಹಾಯುದ್ಧದ ತರುವಾಯ ಸೈನ್ಯಗಳ ಉಗ್ರಾಣದಲ್ಲಿ ಉಳಿದ ತೋಟಾಗಳು ಪಾಶ್ಚಾತ್ಯ ದೇಶಗಳ ಪೇಟೆಗಳಲ್ಲಿ ಅಗ್ಗವಾಗಿ ಬಿಕರಿಯಾದವು. ಅವುಗಳಲ್ಲಿ ಎಷ್ಟೋ ಹಳೆಯ ಕ್ಲೋರೇಟಿನವು. ಕೆಲವು ಗುಂಡುಗಳ ತಿರುಳಿನಲ್ಲಿ ಉಕ್ಕಿದ್ದು, ಅವು ಗುರಿಯ ಹಿಂದಿನ ಹಲಗೆಯನ್ನೇ ಹಾಳುಮಾಡುತ್ತಿದ್ದವು. ತೊಳೆಯುವ ಶಿಸ್ತುಳ್ಳವನಿಗೆ ಆ ಉಪ್ಪಿನ ತೋಟಾವೂ ಲಾಭವೇ. ಸೋಮಾರಿಗೆ ಅದು ಒಂದು ರೈಫಲ್ಲಿನ ಬೆಲೆ.

ಹೆಚ್ಚು ಬೆಲೆ, ಹೆಚ್ಚು ವೇಗ ಎಂದರೆ ಹೆಚ್ಚು ಗುಣ ಎಂದೂ ತಿಳಿಯಬೇಕಾಗಿಲ್ಲ. 1930ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪೆನಿ ಶಬ್ದದ ವೇಗವನ್ನು ಮೀರಿ ಓಡುವ ಪಾಯಿಂಟ್ 22 ತೋಟಾವನ್ನು ಹೊರತಂದಿತು. ಗುರಿಯಾಟದ ನಿಪುಣರು ಇಂದಿಗೂ ಅದಕ್ಕಿಂತ ನಿಧಾನವಾದ ತೋಟಾವನ್ನೇ ಬಯಸುತ್ತಾರೆ. ಶಬ್ದದ ವೇಗಕ್ಕಿಂತ ಮೇಲಿದ್ದ ಗುಂಡು ದಾರಿಯಲ್ಲಿ ಅದರ ಕೆಳಕ್ಕೆ ಇಳಿಯುವಾಗ ತುಸು ಕದಲುತ್ತದೆ. ಅಡ್ಡಗಾಳಿ ಕೂಡ ನಿಧಾನದ ಗುಂಡಿಗಿಂತ ಅದನ್ನೇ ಹೆಚ್ಚು ಒಯ್ಯುತ್ತದೆ. ಒಲಿಂಪಿಕ್ಸಿನ 50 ಮೀಟರಿನ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರು ಮಾತ್ರ. ಅಲ್ಲಿ ಕೂದಲೆಳೆಯ ಕದಲಿಕೆಗೂ ದಂಡವುಂಟು. ಅದಕ್ಕಾಗಿಯೇ ದೊಡ್ಡ ಸ್ಪರ್ಧಿಗಳು ಒಂದೇ ಕಾರ್ಖಾನೆಯ ಬೇರೆ ಬೇರೆ ತಂಡದ ತೋಟಾಗಳನ್ನು ತಮ್ಮ ನಳಿಗೆಯಲ್ಲಿ ಹೊಡೆದು ನೋಡಿ, ಹೊಂದುವ ತಂಡವನ್ನು ಆರಿಸಿಕೊಳ್ಳುತ್ತಾರೆ. ಹವ್ಯಾಸಿಗೂ ಈ ಮಾರ್ಗ ತೆರೆದಿದೆ: ಮೂರು ನಾಲ್ಕು ಬಗೆಯ ಒಂದೊಂದು ಡಬ್ಬಿ ಕೊಂಡು ಹೊಡೆದು ನೋಡಿದರೆ, ಅಗ್ಗದ್ದೊಂದು ತನ್ನ ರೈಫಲ್ಲಿಗೆ ಚೆನ್ನಾಗಿ ಒಗ್ಗಿರುವುದು ಕಂಡರೂ ಕಂಡೀತು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಪ್ರಯೋಗ ಸಲ್ಲದು. ಯುರೋಪಿನಲ್ಲಿ ಬಹುಕಾಲದಿಂದ ಕೋವಿಗಳನ್ನು ಸರಕಾರದ ಮುದ್ರೆಗೆ ಮುನ್ನ ಹೆಚ್ಚಿನ ಮದ್ದು ತುಂಬಿ ಪರೀಕ್ಷಿಸುವ ಪದ್ಧತಿಯುಂಟು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರಷ್ಟು ಹಳೆಯದು. 1914ರಲ್ಲಿ ಬೆಲ್ಜಿಯಂನ ಲಿಯೇಜ್ ನಗರದಲ್ಲಿ ಹಲವು ದೇಶಗಳು ಕೂಡಿ ಇಂಥ ಪರೀಕ್ಷೆಗಳನ್ನು ಏಕರೂಪಕ್ಕೆ ತರಲು ಒಂದು ಆಯೋಗವನ್ನು ರಚಿಸಿದವು. ಇಂತಿಷ್ಟೇ ಒತ್ತಡ, ಇಂತಿಷ್ಟೇ ಅಳತೆ ಎಂಬ ಕಟ್ಟಳೆ ಬಂದದ್ದು ಇಂಥ ಸಂಸ್ಥೆಗಳಿಂದ. ಮುಚ್ಚಿದ ಡಬ್ಬಿಯ ಒಳಗನ್ನು ಕೊಳ್ಳುವವನ ಪರವಾಗಿ ಯಾರೋ ನೋಡಿದ್ದಾರೆ ಎಂಬುದೇ ಅವುಗಳ ಮುದ್ರೆಯ ಅರ್ಥ. ಆದ್ದರಿಂದ ನಳಿಗೆಯ ಮೇಲೆ ಯಾವ ತೋಟಾದ ಹೆಸರಿದೆಯೋ ಅದನ್ನಲ್ಲದೆ ಬೇರೊಂದನ್ನು ಹಾಕಬಾರದು; ಹೆಸರಿಲ್ಲದ ಡಬ್ಬಿಯನ್ನಾಗಲಿ, ಅಪರಿಚಿತರು ಮನೆಯಲ್ಲಿ ಮದ್ದು ತುಂಬಿದ್ದನ್ನಾಗಲಿ ಎಷ್ಟು ಅಗ್ಗವಾದರೂ ಮುಟ್ಟಬಾರದು. ದೊಡ್ಡ ತೋಟಾದಲ್ಲಿ ಕೈತಪ್ಪಿ ಎರಡು ಪಾಲು ಮದ್ದು ಬಿದ್ದಿದ್ದರೆ ಕೋವಿಯೇ ಸಿಡಿದೀತು. ಕುದುರೆ ಎಳೆದರೂ ಈಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಆಟಿಕೆಯಂತೆ ಕಾಣುವ ಈ ಪಾಯಿಂಟ್ 22 ಗುಂಡು ಒಂದು ಮೈಲಿಗೂ ಮಿಗಿಲಾಗಿ ಹೋಗಬಲ್ಲದು. ಹಿಂದೆ ಮಣ್ಣಿನ ದಿಬ್ಬವಿಲ್ಲದ ಕಡೆ ಅದನ್ನು ಹಾರಿಸುವುದು ಊರಿಗೆ ಕಲ್ಲೆಸೆದಂತೆ. ತುಕ್ಕನ್ನು ಓಡಿಸಿದ ಹೊಸ ಸಿಡಿಮದ್ದಿನಲ್ಲೂ ಸೀಸವುಂಟು. ಮುಚ್ಚಿದ ಕೊಠಡಿಯಲ್ಲಿ ಗಾಳಿಯಾಡದಿದ್ದರೆ, ಆಟ ಮುಗಿಸಿ ಕೈ ತೊಳೆಯದೆ ಉಣ್ಣಲು ಕುಳಿತರೆ, ಆ ವಿಷ ಮೈ ಸೇರುತ್ತದೆ.

ಈ ಕಥೆ ನಮಗೆ ತೀರ ದೂರದ್ದಲ್ಲ. 1857ರ ತರುವಾಯ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯಿದೆ ಬಂದಾಗ, ಕೊಡವರಿಗೆ ಅದರಿಂದ ವಿನಾಯಿತಿಯುಂಟೆಂದು 1861ರಲ್ಲಿ ಮಾರ್ಕ್ ಕಬ್ಬನ್ ಪ್ರಕಟಿಸಿದ. ಆ ವಿನಾಯಿತಿ ಬೇರೆ ಬೇರೆ ಕಾಯಿದೆಗಳನ್ನು ದಾಟಿ ಬಂದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಪಾಯಿಂಟ್ 22 ರೈಫಲ್ಲಿಗೂ ಅಲ್ಲಿ ಜಾಗವುಂಟು. ಮಳೆ ಬಿಡದ ಆ ನಾಡಿನಲ್ಲಿ ಉಪ್ಪಿನ ಪಾಠಕ್ಕೆ ಎಷ್ಟು ಬೆಲೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ದೇಶದ ಮಟ್ಟದಲ್ಲಿ ರಾಷ್ಟ್ರೀಯ ರೈಫಲ್ ಸಂಘ 1951ರಲ್ಲಿ ಹುಟ್ಟಿತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಮಹಾರಾಷ್ಟ್ರದ ಸ್ವಪ್ನಿಲ್ ಕುಸಾಳೆ ಕಂಚಿನ ಪದಕ ಗೆದ್ದಾಗ, ಅವರ ರೈಫಲ್ಲಿನಲ್ಲಿದ್ದದ್ದು ಫ್ಲೋಬೇರನ ದಿವಾನಖಾನೆಯಿಂದ ಹೊರಟ ಈ ವಂಶದ ತೋಟಾವೇ.

ಕಾಗದದ ತೋಟಾವನ್ನು ಕಚ್ಚಬೇಕಾಗಿದ್ದ ಸಿಪಾಯಿಗೆ ಆರಿಸುವ ಹಕ್ಕಿರಲಿಲ್ಲ, ಒಳಗೇನಿದೆಯೆಂದು ಕೇಳಿ ತಿಳಿಯುವ ದಾರಿಯೂ ಇರಲಿಲ್ಲ. ಇಂದಿನ ಹವ್ಯಾಸಿಗೆ ಎರಡೂ ಉಂಟು. ಡಬ್ಬಿಯ ಮೇಲಿನ ಬೆಲೆಯನ್ನು ಓದಿದವನು ಪಕ್ಕದಲ್ಲೇ ಇರುವ ಇತರ ಅಕ್ಷರಗಳನ್ನೂ ಓದಿದರೆ ಸಾಕು. ಅವುಗಳನ್ನು ಅಲ್ಲಿ ಬರೆಯಿಸುವುದಕ್ಕೆ ಎಷ್ಟೋ ನಳಿಗೆಗಳೂ ಕೆಲವು ಪ್ರಾಣಗಳೂ ವೆಚ್ಚವಾಗಿವೆ.