ಸ್ವರ್ಣಕಮಲದ ಮುನ್ನೆಣಿಕೆ

ಅಭ್ಯರ್ಥಿ ಚಿತ್ರಗಳ ಪಟ್ಟಿಯನ್ನು ಮುಂಚಿತವಾಗಿ ಸಾರುವ ಆಸ್ಕರಿನ ಪದ್ಧತಿಯು ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಿಗೆ ಇಲ್ಲದಿರುವುದರಿಂದ, ಇಲ್ಲಿ ಊಹೆಗೆ ದೊರೆಯುವ ಮುಖ್ಯ ಆಧಾರವೆಂದರೆ ಹಿಂದಿನ ವರ್ಷಗಳ ಫಲಿತಾಂಶ. 1955ರ ‘ಪಥೇರ್ ಪಾಂಚಾಲಿ’ಯಿಂದ ಮೊದಲ್ಗೊಂಡು ಬಂಗಾಳಿ ಚಿತ್ರಗಳೇ ಮತ್ತೆ ಮತ್ತೆ ಅಗ್ರಪ್ರಶಸ್ತಿಗೆ ಭಾಜನವಾದುದನ್ನು ಕಂಡವರು, ಸೆನ್ಸಾರ್ ಮಂಡಳಿಯು ಮೊದಲು ತಡೆಹಿಡಿದಿದ್ದ ಕನ್ನಡದ ‘ಸಂಸ್ಕಾರ’ವೇ 1970ರ ಸ್ವರ್ಣಪದಕವನ್ನು ಪಡೆದೀತೆಂದು ಹೇಗೆ ತಾನೆ ಎಣಿಸಿಯಾರು?

ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿ, ಎಳವೆಯಲ್ಲೇ ಮನೆ ತೊರೆದು ಗುಬ್ಬಿ ನಾಟಕ ಕಂಪನಿಯನ್ನು ಸೇರಿದ ಬಿ. ವಿ. ಕಾರಂತರು, ಶಿವರಾಮ ಕಾರಂತರ 1933ರ ಕಾದಂಬರಿಯನ್ನು ತೆರೆಗೆ ತಂದ ‘ಚೋಮನ ದುಡಿ’ಯು 1975ರ ಸಾಲಿನ ಅಗ್ರಪ್ರಶಸ್ತಿಯಾದ ಸ್ವರ್ಣಕಮಲವನ್ನು ಗಳಿಸಿದ ಸಂಗತಿಯಾದರೋ ಬೇರೆ ಬಗೆಯದು. ಉಳುವವನಿಗೇ ಭೂಮಿಯೆಂಬ 1974ರ ಕಾನೂನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗೇಣಿದಾರರಲ್ಲಿ ಆಸೆಯನ್ನು ಚಿಗುರಿಸಿದ್ದ ಆ ಹೊತ್ತಿನಲ್ಲಿ, ಜಾತಿಯ ಕಾರಣದಿಂದಲೇ ತುಂಡು ನೆಲಕ್ಕೂ ಎರವಾದ ಚೋಮನಾಗಿ ಎಂ. ವಿ. ವಾಸುದೇವರಾಯರು, ಮಾತಿಗೆ ನಿಲುಕದ ಸಂಕಟವನ್ನೆಲ್ಲ ದುಡಿಯ ಚರ್ಮದ ಮೇಲೆ ಬಡಿಬಡಿದು ಹೊರಗೆಡಹುವುದನ್ನು ನೋಡಿದ ಯಾವ ಸಹೃದಯನಿಗೂ ತೀರ್ಪುಗಾರರ ಮನಸ್ಸು ಮೊದಲೇ ತಿಳಿದಿರಬೇಕೆಂದೇ ನನ್ನ ನಂಬಿಕೆ. ಶ್ರೇಷ್ಠ ನಟ ಪ್ರಶಸ್ತಿಯು ವಾಸುದೇವರಾಯರಿಗೂ, ಶ್ರೇಷ್ಠ ಕಥೆಯ ಪ್ರಶಸ್ತಿಯು ಶಿವರಾಮ ಕಾರಂತರಿಗೂ ಸಂದುವು. ಎರಡೇ ವರ್ಷಗಳ ತರುವಾಯ ‘ಘಟಶ್ರಾದ್ಧ’ದ ಮೂಲಕ ಸ್ವರ್ಣಕಮಲವು ಮರಳಿ ಕನ್ನಡಕ್ಕೇ ಬಂದಿತು.